ಎಸಿಸಿ ಬೆಸ್ಟ್ ಪ್ಲೇಯರ್ ಜಗಳ, ನಮ್ಮ ಕಡೆ ಅರ್ಜಿ ಫಾರಂ

ಮಾರ್ಚ್ ಬಂತು ಅಂದ್ರೆ ಅಮೆರಿಕದ ನಾರ್ತ್ ಕೆರೊಲೈನಾದ ನಮ್ಮ ಈ ಭಾಗದಲ್ಲಿ ಜನಕ್ಕೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಯುತ್ತೆ. ರಾಲಿ, ಡರ್ಹಮ್, ಚಾಪೆಲ್ ಹಿಲ್ ಮೂರೂ ಹತ್ತತ್ರದ ಊರುಗಳು, ಒಂದೊಂದರಲ್ಲೂ ಒಂದೊಂದು ದೊಡ್ಡ ಯೂನಿವರ್ಸಿಟಿ, ಎನ್‌ಸಿ ಸ್ಟೇಟು, ಡ್ಯೂಕು, ಕೆರೊಲೈನಾ, ಮೂರೂ ಒಂದೇ ಲೀಗಲ್ಲಿ ಆಡ್ತಾವೆ, ಆಫೀಸಲ್ಲಿ ಅಕ್ಕಪಕ್ಕ ಕೂತೋರು ಒಬ್ಬ ಒಂದು ಕಡೆ ಇನ್ನೊಬ್ಬ ಇನ್ನೊಂದು ಕಡೆ. ಆ ಲೀಗ್ ಹೆಸರು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಎಲ್ಲರೂ ಎಸಿಸಿ ಅಂತಾರೆ, 1953ರಲ್ಲಿ ಶುರುವಾಗಿದ್ದು. (ಈಗ ಕ್ಯಾಲಿಫೋರ್ನಿಯಾದ ಸ್ಟಾನ್‌ಫರ್ಡ್ ಕೂಡ ಅದರಲ್ಲಿದೆ, ಅಟ್ಲಾಂಟಿಕ್ ಎಲ್ಲಿ ಸ್ಟಾನ್‌ಫರ್ಡ್ ಎಲ್ಲಿ, ಟಿವಿ ದುಡ್ಡಿನ ಮುಂದೆ ಭೂಗೋಳ ಯಾರಿಗೆ ಬೇಕು.)

ಈ ಲೀಗ್ ಪ್ರತಿ ವರ್ಷ ಒಬ್ಬನನ್ನ ವರ್ಷದ ಶ್ರೇಷ್ಠ ಆಟಗಾರ ಅಂತ ಆರಿಸುತ್ತೆ. ಸಾಮಾನ್ಯವಾಗಿ ಒಬ್ಬನ್ನೇ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಇದೇನು ಅಷ್ಟು ದೊಡ್ಡ ವಿಷಯ, ಒಂದು ಕಾಲೇಜು ಹುಡುಗನಿಗೆ ಕೊಡೋ ಬಹುಮಾನ ತಾನೇ ಅಂತ ಅಂದ್ಕೊಂಡಿದ್ದೆ, ಆದ್ರೆ ಇಲ್ಲಿ ಅರವತ್ತು ದಾಟಿದ ಅಜ್ಜಂದಿರು ಯಾವ ವರ್ಷ ಯಾರಿಗೆ ಬಂತು, ಯಾರಿಗೆ ಮೋಸ ಆಯ್ತು ಅಂತ ನಮ್ಮ ಕಡೆ ಹಿರಿಯರು ಆಸ್ತಿ ಪಾಲಿನ ವಿಷಯ ಹೇಳೋ ಹಾಗೆ ಹೇಳ್ತಾರೆ, ಒಂದು ವರ್ಷವೂ ತಪ್ಪಲ್ಲ. ಮೊದಲನೇದು 1954ರಲ್ಲಿ ವೇಕ್ ಫಾರೆಸ್ಟ್ ಯೂನಿವರ್ಸಿಟಿಯ ಡಿಕಿ ಹೆಮ್ರಿಕ್‌ಗೆ, ಮುಂದಿನ ವರ್ಷವೂ ಅವನಿಗೇ. ಮೂರು ಸಲ ಗೆದ್ದೋರು ಇಬ್ಬರೇ, ಎನ್‌ಸಿ ಸ್ಟೇಟ್‌ನ ಡೇವಿಡ್ ಥಾಂಪ್ಸನ್ 1973, 74, 75ರಲ್ಲಿ, ವರ್ಜೀನಿಯಾದ ರಾಲ್ಫ್ ಸ್ಯಾಂಪ್ಸನ್ 1981, 82, 83ರಲ್ಲಿ. ಮೈಕೆಲ್ ಜೋರ್ಡನ್‌ಗೆ ಬಂದಿದ್ದು ಒಂದೇ ಸಲ, 1984ರಲ್ಲಿ, ಅದರ ಹಿಂದಿನ ವರ್ಷ ಏಳಡಿ ದಾಟಿದ ಸ್ಯಾಂಪ್ಸನ್ ಇದ್ದ, ಏನ್ ಮಾಡೋದು. ಜೋರ್ಡನ್ ಅಂತ ಜೋರ್ಡನ್‌ಗೇ ಸಾಲಲ್ಲಿ ನಿಂತ್ಕೋ ಅಂದ ಪ್ರಶಸ್ತಿ ಇದು ಅಂತ ನನಗೆ ಇದರ ಮೇಲೆ ಒಂದು ಗೌರವ.

ಈಗ ನಮ್ಮ ಕರ್ನಾಟಕದ ಕಡೆ ಬನ್ನಿ. ನಾನು ಊರಲ್ಲಿ ಕಾಲೇಜು ಟೀಮಿಗೆ ಆಡ್ತಿದ್ದೆ, ದೊಡ್ಡ ಆಟಗಾರ ಏನಲ್ಲ, ಬೆಂಚಲ್ಲಿ ಕೂತಿದ್ದೇ ಜಾಸ್ತಿ. ನಮ್ಮ ಟೀಮಲ್ಲಿ ಒಬ್ಬ ನಿಜವಾಗ್ಲೂ ಚೆನ್ನಾಗಿ ಆಡೋನು, ಎಡಗೈ, ಬೇಸ್‌ಲೈನ್ ಕಡೆಯಿಂದ ನುಗ್ಗಿದ್ರೆ ಯಾರೂ ತಡೆಯೋಕೆ ಆಗ್ತಿರ್ಲಿಲ್ಲ. ಅವನಿಗೆ ಪ್ರಶಸ್ತಿ ಬರ್ಬೇಕಂದ್ರೆ ಅವನೇ ಅರ್ಜಿ ಹಾಕ್ಬೇಕು. ಆಡಿದ ಟೂರ್ನಮೆಂಟಿನ ಸರ್ಟಿಫಿಕೇಟ್‌ಗಳ ಜೆರಾಕ್ಸು, ಅದರ ಮೇಲೆ ಗೆಜೆಟೆಡ್ ಆಫೀಸರ್ ಅಟೆಸ್ಟೇಶನ್ನು, ಪಾಸ್‌ಪೋರ್ಟ್ ಸೈಜ್ ಫೋಟೋ, ಪ್ರಿನ್ಸಿಪಾಲರ ಸೀಲು, ಎಲ್ಲಾ ಒಂದು ರೆಕ್ಸಿನ್ ಫೈಲಲ್ಲಿ ಹಾಕ್ಕೊಂಡು ಬಸ್ಸಲ್ಲಿ ಓಡಾಡಿದ. ಫೈಲು ಎಲ್ಲಿ ಹೋಯ್ತೋ ಗೊತ್ತಿಲ್ಲ, ಉತ್ತರವೇ ಬರ್ಲಿಲ್ಲ. ಅವನ ಆಟ ನೋಡಿದೋರು ಕೊಡಬೇಕಾದ್ದನ್ನ ಅವನೇ ಹೋಗಿ ಕೇಳ್ಬೇಕಾಗಿದ್ದು ನನಗೆ ಇವತ್ತಿಗೂ ಬೇಜಾರು. ಈಗ ಆನ್‌ಲೈನ್ ಆಗಿರ್ಬಹುದು, ಆದ್ರೆ ರಾಜ್ಯ ಸರ್ಕಾರ ಆಟಗಾರರಿಗೆ ಕೊಡೋ ಏಕಲವ್ಯ ಪ್ರಶಸ್ತಿಗೂ ಇಲಾಖೆ ಅರ್ಜಿ ಕರೆಯೋದೇ ಪದ್ಧತಿ, ಆಟಗಾರ ತನ್ನ ಬಗ್ಗೆ ತಾನೇ ಬರ್ಕೊಂಡು ಕೊಡೋದೇ. ಏಕಲವ್ಯ ಅರ್ಜಿ ಹಾಕಿದ್ನಾ ಅಂತ ಕೇಳ್ಬೇಡಿ.

ಇನ್ನು ರಾಜ್ಯೋತ್ಸವ ಪ್ರಶಸ್ತಿ ಇದೆ. ಅದು ಬರೀ ಆಟಗಾರರಿಗಲ್ಲ, ಎಲ್ಲಾ ಕ್ಷೇತ್ರದವರಿಗೂ, ಅದರಲ್ಲಿ ಕ್ರೀಡೆಗೂ ಒಂದು ಪಾಲು. ಈಗ ರಾಜ್ಯ ಹುಟ್ಟಿ ಎಷ್ಟು ವರ್ಷವೋ ಅಷ್ಟು ಜನಕ್ಕೆ ಕೊಡ್ತಾರೆ, 2024ರಲ್ಲಿ 69 ಜನ, 2025ರಲ್ಲಿ 70. ವರ್ಷಕ್ಕೊಂದು ಹೆಚ್ಚು. ಪ್ರದೇಶ, ಜಿಲ್ಲೆ, ಸಮುದಾಯ ಎಲ್ಲಾ ನೋಡಿ ಯಾರಿಗೂ ಬೇಜಾರಾಗದ ಹಾಗೆ ಹಂಚಬೇಕು ಅನ್ನೋ ಲೆಕ್ಕ. ಅದು ತಪ್ಪು ಅಂತ ನಾನು ಹೇಳಲ್ಲ, ಇಷ್ಟು ದೊಡ್ಡ ರಾಜ್ಯದಲ್ಲಿ ಬೀದರಿನ ಕಲಾವಿದರೂ ಕಾಣಬೇಕು ಚಾಮರಾಜನಗರದವರೂ ಕಾಣಬೇಕು. ಆದ್ರೆ ಅದೇ ಅಭ್ಯಾಸ ಆಟಕ್ಕೂ ಬಂದ್ರೆ ಯಾರು ಎಲ್ಲರಿಗಿಂತ ಚೆನ್ನಾಗಿ ಆಡಿದ್ರು ಅನ್ನೋ ಪ್ರಶ್ನೆನೇ ಯಾರೂ ಕೇಳಲ್ಲ.

ಕ್ರಿಕೆಟಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ರಣಜಿಯಲ್ಲಿ ಅತಿ ಹೆಚ್ಚು ರನ್ ಹೊಡೆದವನಿಗೆ, ಅತಿ ಹೆಚ್ಚು ವಿಕೆಟ್ ತೆಗೆದವನಿಗೆ ಬಿಸಿಸಿಐನ ಮಾಧವರಾವ್ ಸಿಂಧಿಯಾ ಪ್ರಶಸ್ತಿ. 2017-18ರಲ್ಲಿ ನಮ್ಮ ಮಯಾಂಕ್ ಅಗರ್ವಾಲ್ 1160 ರನ್ ಹೊಡೆದ, ಮುಗೀತು, ಅಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ. ಪಾರದರ್ಶಕ, ಒಪ್ತೀನಿ. ಆದ್ರೆ ರನ್ ಜಾಸ್ತಿ ಹೊಡೆದವನೇ ಯಾವಾಗ್ಲೂ ಬೆಸ್ಟಾ? ಕಷ್ಟದ ಪಿಚ್ಚಲ್ಲಿ ಹೊಡೆದ 60ಕ್ಕೆ ಆ ಲೆಕ್ಕದಲ್ಲಿ ಬೆಲೆ ಬರೀ 60.

ಎಸಿಸಿಯಲ್ಲಿ ಅರ್ಜಿನೂ ಇಲ್ಲ, ಬರೀ ಅಂಕಿನೂ ಅಲ್ಲ. ಸೀಸನ್ ಪೂರ್ತಿ ಆಟ ನೋಡಿದ ಪತ್ರಕರ್ತರು, ಟಿವಿ ರೇಡಿಯೋದವರು ವೋಟ್ ಹಾಕ್ತಾರೆ, ಈಗ ಕೋಚ್‌ಗಳೂ ಹಾಕ್ತಾರೆ. ಯಾರಿಗೆ ಎಷ್ಟು ವೋಟು ಬಂತು ಅಂತ ಆಚೆ ಬರುತ್ತೆ, ಎಷ್ಟೋ ಜನ ತಾವು ಯಾರಿಗೆ ಹಾಕಿದ್ವಿ ಯಾಕೆ ಹಾಕಿದ್ವಿ ಅಂತ ತಮ್ಮ ಕಾಲಂನಲ್ಲೇ ಬರೀತಾರೆ, ಓದುಗರಿಂದ ಬೈಸ್ಕೋತಾರೆ. 2009ರಲ್ಲಿ ಏನಾಯ್ತು ನೋಡಿ. ಕೆರೊಲೈನಾದ ಟೈಲರ್ ಹ್ಯಾನ್ಸ್‌ಬ್ರೋ ಹಿಂದಿನ ವರ್ಷ ಎಸಿಸಿ ಬೆಸ್ಟೂ ಹೌದು, ದೇಶಕ್ಕೇ ಬೆಸ್ಟೂ ಹೌದು, ದುಡ್ಡಿಗೆ ಆಡೋ ದೊಡ್ಡ ಲೀಗ್ ಎನ್‌ಬಿಎಗೆ ಹೋಗದೆ ನಾಲ್ಕನೇ ವರ್ಷಕ್ಕೂ ವಾಪಸ್ ಬಂದ, ಇಡೀ ಊರಿಗೆ ಮುದ್ದಿನ ಮಗ. ಪ್ರಶಸ್ತಿ ಮಾತ್ರ ಅವನದೇ ಟೀಮಿನ ಪಾಯಿಂಟ್ ಗಾರ್ಡ್ ಟೈ ಲಾಸನ್‌ಗೆ ಹೋಯ್ತು. ನಮ್ಮ ಕಡೆ ಆಗಿದ್ರೆ ಸೀನಿಯರ್‌ಗೆ ಬಿಟ್ಟು ಜೂನಿಯರ್‌ಗೆ ಕೊಡೋದಾ, ಪಾಪ ಅವನ ಕೊನೇ ವರ್ಷ ಅಂತ ಸಮಿತಿಯಲ್ಲಿ ಯಾರಾದ್ರೂ ಅಂದೇ ಅಂತಿದ್ರು, ಕೊನೆಗೆ ಇಬ್ಬರಿಗೂ ಕೊಟ್ಟು ಶಾಲು ಹೊದಿಸಿ ಕಳಿಸ್ತಿದ್ರು.

ಅದಕ್ಕಿಂತ ಮಜಾ 2013. ಆ ಸೀಸನ್‌ನಿಂದ ಕೋಚ್‌ಗಳೂ ಬೇರೆಯಾಗಿ ವೋಟ್ ಹಾಕೋಕೆ ಶುರು ಮಾಡಿದ್ರು, ಮೊದಲ ವರ್ಷವೇ ಎರಡು ಗುಂಪಿಗೂ ಹೊಂದ್ಲಿಲ್ಲ. ಮೀಡಿಯಾದವರು ವರ್ಜೀನಿಯಾ ಟೆಕ್‌ನ ಎರಿಕ್ ಗ್ರೀನ್ ಅಂದ್ರು, ಕೋಚ್‌ಗಳು ಮಯಾಮಿಯ ಶೇನ್ ಲಾರ್ಕಿನ್ ಅಂದ್ರು. ಗ್ರೀನ್ ಒಂದು ಆಟಕ್ಕೆ ಸರಾಸರಿ 25 ಪಾಯಿಂಟ್ ಹಾಕಿದ್ದ, ಇಡೀ ದೇಶಕ್ಕೇ ಮೊದಲನೇ ಸ್ಥಾನ, ಆದ್ರೆ ಅವನ ಟೀಮು ಲೀಗಲ್ಲಿ ಎಲ್ಲರಿಗಿಂತ ಕೆಳಗೆ. ಲಾರ್ಕಿನ್ ಅಂಕಿ ಅಷ್ಟಿಲ್ಲ, ಆದ್ರೆ ಮಯಾಮಿ ಆ ವರ್ಷ ಲೀಗೂ ಗೆದ್ದಿತ್ತು, ಆಮೇಲೆ ಲೀಗಿನ ಕೊನೇ ಟೂರ್ನಿನೂ ಗೆದ್ತು. ಸೋತ ಟೀಮಿನ ಬೆಸ್ಟ್ ಆಟಗಾರ ಶ್ರೇಷ್ಠನಾ, ಗೆದ್ದ ಟೀಮನ್ನ ನಡೆಸಿದವನು ಶ್ರೇಷ್ಠನಾ? ನಾನು ಗ್ರೀನ್ ಕಡೆ. ಪಕ್ಕದಲ್ಲಿ ನಾಲ್ಕು ಜನ ಚೆನ್ನಾಗಿ ಆಡೋರು ಇದ್ರೆ ಎದುರಾಳಿ ನಿನ್ನೊಬ್ಬನನ್ನೇ ಕಾಯೋಕೆ ಆಗಲ್ಲ, ಗ್ರೀನ್‌ಗೆ ಆ ಪುಣ್ಯ ಇರ್ಲಿಲ್ಲ, ಅವನೇ ಹೊಡೀತಾನೆ ಅಂತ ಸ್ಟೇಡಿಯಂಗೆಲ್ಲಾ ಗೊತ್ತಿದ್ರೂ ಹೊಡೆದ. ನನ್ನ ಕಲೀಗ್ ಒಬ್ಬರು ಇದನ್ನ ಸುತಾರಾಂ ಒಪ್ಪಲ್ಲ, ಕೋಚ್‌ಗಳಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ ಅಂತಾರೆ. ಗೊತ್ತಿಲ್ಲ, ಆದ್ರೂ ಗ್ರೀನೇ.

ಹಾಗಂತ ಇಲ್ಲಿದ್ದೆಲ್ಲಾ ಚಿನ್ನ ಅಂತ ಹೊಗಳ್ತಿದೀನಿ ಅಂದ್ಕೋಬೇಡಿ. ಹೊರದೇಶಕ್ಕೆ ಹೋದೋರೆಲ್ಲಾ ಹಾಗೇ ಅಂತ ನಮ್ಮ ಚಿಕ್ಕಪ್ಪ ಫೋನಲ್ಲಿ ದಿನಾ ಅಂತಾರೆ. ವೋಟಿಗೂ ಕೊಳಕು ಅಂಟುತ್ತೆ, ಚಾರ್ಲಿ ಸ್ಕಾಟ್ ಕಥೆ ಕೇಳಿ. ಕೆರೊಲೈನಾದವರು ಸ್ಕಾಲರ್‌ಶಿಪ್ ಕೊಟ್ಟು ಸೇರಿಸ್ಕೊಂಡ ಮೊದಲ ಕಪ್ಪು ಬಾಸ್ಕೆಟ್‌ಬಾಲ್ ಆಟಗಾರ ಅವನು. 1968ರ ಮೆಕ್ಸಿಕೋ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದು ಬಂದು ಆಮೇಲೆ ಆಡಿದ ಸೀಸನ್‌ನಲ್ಲಿ ಅವನ ಟೀಮು ಲೀಗಲ್ಲಿ ಫಸ್ಟು, ಟೂರ್ನಿ ಫೈನಲಲ್ಲಿ ಡ್ಯೂಕ್ ಮೇಲೆ ಅವನೊಬ್ಬನೇ 40 ಪಾಯಿಂಟ್. 1969ರ ಪ್ರಶಸ್ತಿ ಸೌತ್ ಕೆರೊಲೈನಾದ ಜಾನ್ ರೋಚ್‌ಗೆ ಹೋಯ್ತು. ರೋಚ್ ಕೆಟ್ಟ ಆಟಗಾರ ಅಲ್ಲ, ಅವನ ಸರಾಸರಿನೂ ಚೆನ್ನಾಗೇ ಇತ್ತು, ಸರಿ. ಆದ್ರೆ ವೋಟ್ ಹಾಕಿದ ಕೆಲವರು ಸ್ಕಾಟ್‌ನನ್ನ ಲೀಗಿನ ಮೊದಲ ಐದು ಜನದ ಟೀಮಲ್ಲೂ ಸೇರಿಸಿರ್ಲಿಲ್ಲ, ಅದಕ್ಕೆ ಆಟದ ಲೆಕ್ಕದಲ್ಲಿ ಯಾವ ಸಬೂಬೂ ಇಲ್ಲ. 1970ರಲ್ಲಿ ಸ್ಕಾಟ್ ಸರಾಸರಿ 27 ದಾಟಿತು, ಪ್ರಶಸ್ತಿ ಮತ್ತೆ ರೋಚ್‌ಗೆ. ಆ ವರ್ಷ ರೋಚ್ ಟೀಮು ಲೀಗ್ ಆಟ ಒಂದೂ ಸೋತಿರ್ಲಿಲ್ಲ ಅಂತ ವಾದ ಮಾಡ್ಬಹುದು, ಹಿಂದಿನ ವರ್ಷಕ್ಕೆ ಆ ವಾದ ನಡಿಯಲ್ಲ. ಕಪ್ಪು ಆಟಗಾರನಿಗೆ ಈ ಪ್ರಶಸ್ತಿ ಮೊದಲು ಬಂದಿದ್ದು 1971ರಲ್ಲಿ, ವೇಕ್ ಫಾರೆಸ್ಟ್‌ನ ಚಾರ್ಲಿ ಡೇವಿಸ್‌ಗೆ.

ನನ್ನ ಪಾಯಿಂಟ್ ಏನಂದ್ರೆ, ಈ ಅನ್ಯಾಯ ಐವತ್ತು ವರ್ಷ ಆದ್ಮೇಲೂ ಜನಕ್ಕೆ ನೆನಪಿದೆ, ಯಾಕಂದ್ರೆ ಒಬ್ಬನನ್ನ ಆರಿಸಿದ್ದು, ಆರಿಸಿದವರು ಯಾರು ಅಂತ ಗೊತ್ತಿದ್ದದ್ದು. ನನ್ನ ಫ್ರೆಂಡ್ ಫೈಲು ಯಾರ ಟೇಬಲ್ ಮೇಲೆ ಸತ್ತಿತು, ಯಾರು ಬೇಡ ಅಂದ್ರು, ಯಾವ ಕಾರಣಕ್ಕೆ, ಜಗಳ ಆಡೋಣ ಅಂದ್ರೂ ಎದುರಿಗೆ ಯಾರೂ ಇಲ್ಲ.

ಈಗಿನ ಕಾಲದಲ್ಲಿ ನನಗೆ ಹಿಡಿಸದ್ದು ಒಂದಿದೆ. ಮೊದಲೆಲ್ಲಾ ಹುಡುಗರು ಮೂರು ನಾಲ್ಕು ವರ್ಷ ಇರ್ತಿದ್ರು, ಥಾಂಪ್ಸನ್ ಕಾಲಕ್ಕೆ ಮೊದಲ ವರ್ಷದವರು ಮುಖ್ಯ ಟೀಮಲ್ಲಿ ಆಡೋ ಹಾಗೇ ಇರ್ಲಿಲ್ಲ, ಅವನು ಆಡೋಕೆ ಸಾಧ್ಯ ಇದ್ದ ಮೂರು ವರ್ಷವೂ ಗೆದ್ದ. 2006ರಿಂದ ಎನ್‌ಬಿಎಗೆ ಹೋಗೋಕೆ ಸ್ಕೂಲ್ ಮುಗಿದ ಮೇಲೆ ಒಂದು ವರ್ಷ ಕಾಯಬೇಕು ಅನ್ನೋ ರೂಲ್ ಬಂತು, ಒಳ್ಳೊಳ್ಳೆ ಹುಡುಗರು ಒಂದು ವರ್ಷ ಆಡಿ ಹೊರಟೇಬಿಡ್ತಾರೆ. 2015ರಲ್ಲಿ ಡ್ಯೂಕ್‌ನ ಜಲೀಲ್ ಒಕಾಫೋರ್ ಮೊದಲ ವರ್ಷದಲ್ಲೇ ಗೆದ್ದ ಮೊದಲಿಗ, ಆಮೇಲೆ 2018ರಲ್ಲಿ ಬ್ಯಾಗ್ಲಿ, 2019ರಲ್ಲಿ ಝಯಾನ್ ವಿಲಿಯಮ್ಸನ್, 2025ರಲ್ಲಿ ಕೂಪರ್ ಫ್ಲ್ಯಾಗ್, ಎಲ್ಲಾ ಡ್ಯೂಕೇ. ಫ್ಲ್ಯಾಗ್ ಹದಿನೆಂಟು ವರ್ಷಕ್ಕೆ ನೋಟ್ರ್ ಡೇಮ್ ಮೇಲೆ 42 ಪಾಯಿಂಟ್ ಹಾಕಿದ, ಬಾಯ್ಮುಚ್ಕೊಂಡು ಒಪ್ಕೋಬೇಕು. ಆದ್ರೂ ಹುಡುಗನ ಹೆಸರು ಬಾಯಿಗೆ ಕೂರೋ ಅಷ್ಟರಲ್ಲಿ ಅವನು ಎನ್‌ಬಿಎಯ ಡ್ಯಾಲಸ್ ಟೀಮು ಸೇರಿದ್ದ. ಹೆಂಗಸರ ಕಡೆ ಇನ್ನೂ ಹಳೇ ರುಚಿ ಇದೆ, ವರ್ಜೀನಿಯಾ ಟೆಕ್‌ನ ಎಲಿಜಬೆತ್ ಕಿಟ್ಲಿ 2022, 23, 24 ಮೂರೂ ವರ್ಷ ಅವರ ಎಸಿಸಿ ಬೆಸ್ಟ್, ಪ್ರತಿ ವರ್ಷ ಅವಳ ಆಟ ಬೆಳೆದಿದ್ದನ್ನ ನೋಡ್ಬಹುದಿತ್ತು. ನನ್ನ ಮಗಳಿಗೆ ಇಷ್ಟದ ಆಟಗಾರ್ತಿ, ಅವಳ ಥರ ಹುಕ್ ಶಾಟ್ ಹೊಡೀತೀನಿ ಅಂತ ಗ್ಯಾರೇಜ್ ಲೈಟ್ ಒಡೆದು ಹಾಕಿದ್ದಾಳೆ.

ನಮ್ಮ ಕಡೆ ಇದನ್ನ ಮಾಡೋಕೆ ದುಡ್ಡೇನೂ ಬೇಡ. ಯೂನಿವರ್ಸಿಟಿ ಟೂರ್ನಮೆಂಟೋ ರಾಜ್ಯ ಲೀಗೋ, ಬಾಸ್ಕೆಟ್‌ಬಾಲೋ ಕಬಡ್ಡಿಯೋ ಖೋಖೋನೋ, ಆಟ ನೋಡಿದ ಹತ್ತಿಪ್ಪತ್ತು ವರದಿಗಾರರು, ಎದುರಾಳಿ ಕೋಚ್‌ಗಳು, ಒಬ್ಬೊಬ್ಬರೂ ಒಂದು ಹೆಸರು ಬರೆದು ಸೈನ್ ಹಾಕಿ ಕೊಡ್ಲಿ, ಮಾರನೇ ದಿನ ಪೇಪರ್‌ನಲ್ಲಿ ಯಾರು ಯಾರಿಗೆ ಹಾಕಿದ್ರು ಅಂತ ಪೂರ್ತಿ ಪಟ್ಟಿ ಬರ್ಲಿ. ಆಟಗಾರ ಮನೇಲಿ ಊಟ ಮಾಡ್ತಾ ಕೂತಿರ್ಲಿ, ಫೋನ್ ಅವನಿಗೆ ಬರ್ಲಿ. ಹೋದ ವರ್ಷ ಇಲ್ಲಿ ನಮ್ಮೋರ ಮಕ್ಕಳ ಆಟೋಟದಲ್ಲೇ ಇದನ್ನ ಹೇಳಿ ನೋಡಿದೆ, ಎಲ್ಲರಿಗೂ ಮೆಡಲ್ ಕೊಡೋದು ಇರ್ಲಿ, ಜೊತೆಗೆ ಅಪ್ಪ ಅಮ್ಮಂದಿರು ಓಟ್ ಹಾಕಿ ಒಂದು ಮಗುವನ್ನ ಆರಿಸೋಣ, ತಮ್ಮ ಮಗುವಿಗೆ ಹಾಕೋ ಹಾಗಿಲ್ಲ ಅಂತ. "ಯಾಕ್ ಸರ್ ಸುಮ್ನೆ, ಮುಂದಿನ ವರ್ಷ ವಾಲಂಟಿಯರ್‌ಗಳು ಸಿಗಲ್ಲ" ಅಂದ್ರು. ಈ ವರ್ಷ ಇನ್ನೊಂದ್ಸಲ ಕೇಳ್ತೀನಿ.