ಎತ್ತು ಈಯಿತಂತೆ, ವರದಿ ತರಿಸಿ

ಅಪರಾಧ ತಡೆಯುವ ನೀತಿಗಳೆಲ್ಲ ಇನ್ನು ಮುಂದೆ ಸಂಶೋಧನೆಯ ಆಧಾರದ ಮೇಲೇ ಇರುತ್ತವಂತೆ. ಯಾವ ಸರ್ಕಾರ ಬಂದರೂ ಹೀಗೇ ಹೇಳುತ್ತದೆ. ಸಂತೋಷ. ಕ್ರಮ ಮಾತ್ರ ಸ್ವಲ್ಪ ಹಿಂದುಮುಂದು. ಮೊದಲು ಘೋಷಣೆ, ಆಮೇಲೆ ಟೆಂಡರ್, ಆಮೇಲೆ ಉದ್ಘಾಟನೆ, ಕೊನೆಗೆ ಪುರಾವೆ ಹುಡುಕಲು ಒಂದು ಸಮಿತಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದು ಹಳೇ ಗಾದೆ. ಈಗ ಕರು ಕಟ್ಟಿ, ಹಗ್ಗದ ಬಿಲ್ಲು ಪಾಸು ಮಾಡಿಸಿಕೊಂಡು, ಆಮೇಲೆ ಪಶುವೈದ್ಯರನ್ನು ಕರೆಸುತ್ತಾರೆ.

ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನ ಕಥೆ ಕೇಳಿ. 1970ರ ದಶಕದಲ್ಲಿ ಅಲ್ಲಿನ ಜೀವಾವಧಿ ಕೈದಿಗಳು ದಾರಿ ತಪ್ಪುತ್ತಿದ್ದ ಹುಡುಗರನ್ನು ಎದುರಿಗೆ ಕೂರಿಸಿಕೊಂಡು, ಮುಖಕ್ಕೆ ಮುಖ ತಂದು ಕಿರುಚಿ ಹೆದರಿಸುತ್ತಿದ್ದರು. ಜೈಲು ಅಂದರೇನು ಗೊತ್ತಾಗಲಿ ಅಂತ. ನೋಡಿದವರಿಗೆಲ್ಲ ಖುಷಿಯೋ ಖುಷಿ. ಇದರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು. ಬೇರೆ ಬೇರೆ ಕಡೆ ನಕಲು ಶುರುವಾಯಿತು. ಆಮೇಲೆ ಯಾರೋ ರಸಭಂಗ ಮಾಡುವವರು ಲೆಕ್ಕ ಹಾಕಿದರು. ಇಂಥ 9 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ, ಹೆದರಿಸಿಕೊಂಡು ಬಂದ ಹುಡುಗರೇ ಮುಂದೆ ಜಾಸ್ತಿ ತಪ್ಪು ಮಾಡಿದ್ದರು. ಸುಮ್ನೆ ಬಿಟ್ಟಿದ್ದರೇ ವಾಸಿಯಿತ್ತು. ಇದು 2002ರ ಹೊತ್ತಿಗೆ ಅಚ್ಚಾಗಿ ಬಂದ ಮಾತು. 2011ರಲ್ಲಿ ಅದೇ ಹೆದರಿಸಾಟ ಟೀವಿ ಕಾರ್ಯಕ್ರಮವಾಗಿ ಮತ್ತೆ ಬಂತು!

ಇನ್ನು ಸಭೆ. ಸಚಿವರೂ ಸಂಶೋಧಕರೂ ಎದುರುಬದುರು ಕೂತ, ನಾನು ಕಲ್ಪಿಸಿಕೊಂಡ ಸಭೆ. ಆದರೆ ಇಂಥದ್ದು ನಡೆದೇ ಇಲ್ಲ ಅಂತ ಆಣೆ ಹಾಕುವವರು ಯಾರೂ ಸಿಗಲಾರರು.

"ಸಾರ್, ಶಿಕ್ಷೆ ಎಷ್ಟು ಕಠಿಣ ಅನ್ನೋದಕ್ಕಿಂತ ಸಿಕ್ಕಿಬೀಳೋದು ಎಷ್ಟು ಖಚಿತ ಅನ್ನೋದು ಮುಖ್ಯ. 1764ರಲ್ಲೇ ಇಟಲಿಯ ಚಿಂತಕ ಬೆಕಾರಿಯಾ ಹೇಳಿದ್ದಾನೆ."

"ಅಯ್ಯೋ, ತುಂಬಾ ಹಳೇದಾಯ್ತಲ್ರೀ. ಹೊಸದೇನಾದ್ರೂ ಹೇಳಿ."

"ಹೊಸ ಅಧ್ಯಯನಗಳೂ ಅದನ್ನೇ ಹೇಳ್ತಾವೆ ಸಾರ್."

"ಹಾಗಾದ್ರೆ ಹೊಸದೇನೂ ಇಲ್ಲ ಅನ್ನಿ."

ಸಂಶೋಧಕರು ಬೆವರು ಒರೆಸಿಕೊಂಡು ಅಮೆರಿಕದ ಕ್ಯಾನ್ಸಸ್ ಸಿಟಿಯ ಪ್ರಯೋಗದ ಕಥೆಗೆ ಹೋದರು. 1972ರಲ್ಲಿ ಅಲ್ಲಿ 15 ಗಸ್ತು ಪ್ರದೇಶಗಳನ್ನು ಆರಿಸಿಕೊಂಡರು. ಐದರಲ್ಲಿ ಮಾಮೂಲಿ ಗಸ್ತು, ಐದರಲ್ಲಿ ಎರಡು ಮೂರು ಪಟ್ಟು, ಇನ್ನೈದರಲ್ಲಿ ಗಸ್ತೇ ಇಲ್ಲ, ಕರೆ ಬಂದರೆ ಮಾತ್ರ ಪೊಲೀಸರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತು ಬದಲಾಗಿದ್ದು ಜನರ ಗಮನಕ್ಕೂ ಹೆಚ್ಚಾಗಿ ಬರಲಿಲ್ಲ.

"ಅಂದ್ರೆ ಜೀಪು ಸಾಲದು ಅಂತಾಯ್ತು" ಅಂದರು ಸಚಿವರು.

"ಹಾಗಲ್ಲ ಸಾರ್. ಅಪರಾಧ ಜಾಸ್ತಿ ನಡೆಯೋದು ಕೆಲವೇ ಮೂಲೆಗಳಲ್ಲಿ. ಅಲ್ಲಿಗೇ ಗಮನ ಕೊಟ್ರೆ ಉಪಯೋಗ ಇದೆ ಅಂತ ಆಮೇಲಿನ ಪ್ರಯೋಗಗಳು ತೋರಿಸಿವೆ."

"ಒಂದೇ ಮೂಲೆಗೆ ಜೀಪು ಕೊಟ್ರೆ ಮಿಕ್ಕ ಕ್ಷೇತ್ರದವರು ಸುಮ್ನಿರ್ತಾರೇನ್ರೀ?"

ಈ ಪ್ರಶ್ನೆಗೆ ಯಾವ ವಿಶ್ವವಿದ್ಯಾಲಯದಲ್ಲೂ ಉತ್ತರವಿಲ್ಲ.

ಸಭೆ ಮುಗಿಯಿತು. ಹುಡುಗರನ್ನು ಜೈಲು ತೋರಿಸಿ ಹೆದರಿಸುವ ಯೋಜನೆಗೆ ಒಪ್ಪಿಗೆಯೂ ಸಿಕ್ಕಿತು. ಕಡತದಲ್ಲಿ ಸಂಶೋಧಕರ ವರದಿಯೇ ಲಗತ್ತು. ಅವರು ಗಾಬರಿಯಿಂದ ಹಾಳೆ ತಿರುವಿದರು. ಒಂದು ವಾಕ್ಯಕ್ಕೆ ಹಳದಿ ಬಣ್ಣ ಎಳೆದಿತ್ತು: "ಈ ಕಾರ್ಯಕ್ರಮ ಹುಡುಗರ ಮೇಲೆ ಪರಿಣಾಮ ಬೀರುತ್ತದೆ, ಅದು ಕೆಟ್ಟ ಪರಿಣಾಮ."

ಹಳದಿ ಅಲ್ಪವಿರಾಮದ ತನಕ ಬಂದು ನಿಂತಿತ್ತು.

"ಇದು ಅರ್ಧಕ್ಕೇ ನಿಂತಿದೆಯಲ್ಲ ಸಾರ್?"

"ಪೆನ್ನಲ್ಲಿ ಇಂಕ್ ಮುಗೀತು ಕಣ್ರೀ" ಅಂದರು ಆಪ್ತ ಕಾರ್ಯದರ್ಶಿ.