ಚಪ್ಪಟೆ ತಲೆಯ ಬಡ್ಡಿ

ಉಗುರಿನಗಲದ ತಗಡು, ನಡುವೆ ಒಂದು ಸ್ಕ್ರೂ. ಎಲೆಕ್ಟ್ರಿಕ್ ಗಿಟಾರಿನ ತಲೆಯ ಮೇಲೆ ಕುಳಿತು ತೆಳು ತಂತಿಗಳೆರಡನ್ನು ಅದುಮಿ ಹಿಡಿಯುವ ಸ್ಟ್ರಿಂಗ್ ಟ್ರೀ ಇಷ್ಟೇ. ಅದರ ಮೇಲೆ ನನ್ನದೊಂದು ಹಳೆಯ ತಕರಾರಿದೆ: ಅದು ವಾದ್ಯದ ಅಂಗವಲ್ಲ, ಯಾರೋ ಮಾಡಿದ ಉಳಿತಾಯಕ್ಕೆ ನಾವು ಕಟ್ಟುತ್ತಿರುವ ಬಡ್ಡಿ.

ಉಳಿತಾಯ ಮಾಡಿದವನು ಲಿಯೊ ಫೆಂಡರ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯವರು ತಲೆಯನ್ನು 17 ಡಿಗ್ರಿ ಹಿಂದಕ್ಕೆ ಬಾಗಿಸುತ್ತಿದ್ದರು. ಅದಕ್ಕೆ ದಪ್ಪ ಮರ ಬೇಕು, ಅದರಲ್ಲಿ ಸಾಕಷ್ಟು ಹೊಟ್ಟಾಗಿ ಹೋಗುತ್ತದೆ. 1950ರಲ್ಲಿ ಫೆಂಡರ್ ಹೊರತಂದ ಗಿಟಾರಿನ ಕತ್ತೂ ತಲೆಯೂ ಒಂದೇ ಹಲಗೆ, ಬಾಗೇ ಇಲ್ಲ. ಲೆಕ್ಕವೇನೋ ಜಾಣತನದ್ದೇ. ಆದರೆ ಆರು ಬಿರಡೆಗಳೂ ಒಂದೇ ಸಾಲಿನಲ್ಲಿ ನಿಂತವು. ಒಂದು, ಎರಡನೆಯ ತಂತಿಗಳ ಬಿರಡೆಗಳು ತೀರ ತುದಿಗೆ ಹೋದವು. ಅಷ್ಟು ದೂರಕ್ಕೆ ತಂತಿ ಇಳಿಯದೆ ಬಹುಪಾಲು ನೇರವಾಗಿಯೇ ಸಾಗುತ್ತದೆ. ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ಪುಟ್ಟ ಪಟ್ಟಿ, ಅಂದರೆ ನಟ್‌ನ ಕಚ್ಚಿನಲ್ಲಿ ಬಿಗಿಯಾಗಿ ಕೂರದೆ ಝುಂಯ್‌ಗುಡುತ್ತದೆ. ತಂಬೂರಿಯಲ್ಲಾದರೆ ಕುದುರೆಯ ಮೇಲೆ ದಾರ ಸಿಕ್ಕಿಸಿ ಬೇಕೆಂದೇ ಅಂಥ ಝೇಂಕಾರ ಬರಿಸುತ್ತೇವೆ. ಇಲ್ಲಿ ಅದು ದೋಷ.

ನಮ್ಮ ಅಣ್ಣನ ಮಗ ತರಿಸಿದ ಹೊಸ ಕತ್ತಿನಲ್ಲಿ ಟ್ರೀಗೆ ತೂತೇ ಇರಲಿಲ್ಲ. ಕೊಪ್ಪಳದಲ್ಲಿ ಇಂಥ ಕೆಲಸಕ್ಕೆ ಬಡಗಿಯೇ ಗತಿ, ಅದೇ ಒಳ್ಳೆಯದು ಕೂಡ. ನಮ್ಮ ಬಡಗಿ ಹೆಬ್ಬೆರಳಿನಿಂದ ತಲೆಯನ್ನು ಒತ್ತಿ ನೋಡಿ, "ಇದು ಯಾವ ಮರ ಸರ್?" ಎಂದ. ಮೇಪಲ್ ಎಂದೆ. ಕಿನ್ನಾಳದ ಗೊಂಬೆಗಳ ಹಗುರ ಪೊಳಕಿ ಮರ ಕಂಡವನಿಗೆ ಆ ಗಡಸುತನ ಹಿಡಿಸಿತು. "ತೂತು ಕಿರಿದಾದರೆ ಸ್ಕ್ರೂ ಮುರಿಯುತ್ತದೆ, ಹಿರಿದಾದರೆ ಹಿಡಿಯುವುದಿಲ್ಲ" ಎನ್ನುತ್ತ ಡ್ರಿಲ್ ಬಿಟ್‌ಗೆ ಆಳದ ಗುರುತಾಗಿ ಟೇಪ್ ಸುತ್ತಿದ, ಸ್ಕ್ರೂಗೆ ಸಾಬೂನು ಸವರಿದ. ಗಿಟಾರ್ ಗೊತ್ತಿಲ್ಲದವನಿಗೆ ಹೇಳಿಕೊಡಬೇಕಾದದ್ದು ಒಂದೇ ಉಳಿದಿತ್ತು: ಮೊದಲು ತಂತಿ ಬಿಗಿದು ಅದು ತಾನಾಗಿ ಹೋಗುವ ದಾರಿ ನೋಡಬೇಕು, ಆ ಎರಡು ತಂತಿಗಳ ನಡುವೆಯೇ ಗುರುತು ಹಾಕಬೇಕು. ಪಕ್ಕಕ್ಕೆ ಎಳೆದರೆ ಕೆಟ್ಟಿತು.

ಬಿಗಿಯುವಾಗಲೂ ಆಸೆ ಅತಿಯಾಗಬಾರದು. ಹೆಚ್ಚು ಅದುಮಿದರೆ, ಬೆರಳಿನಿಂದ ಜಗ್ಗಿದ ತಂತಿ ತಗಡಿನಡಿ ಸಿಕ್ಕಿಕೊಂಡು ಮರಳಿ ತನ್ನ ಶ್ರುತಿಗೆ ಬರುವುದಿಲ್ಲ. ಅದಕ್ಕೆಂದೇ ತಗಡಿನ ಕೆಳಗೊಂದು ಪುಟ್ಟ ಕೊಳವೆ ಇಡುತ್ತಾರೆ. ಉರುಳುವ ಚಕ್ರಗಳ ಟ್ರೀಗಳೂ ಸಿಗುತ್ತವೆ. ತುದಿಯತ್ತ ಹೋದಂತೆ ತಂತಿ ಸುತ್ತುವ ಕಂಬ ಗಿಡ್ಡವಾಗುವ ಬಿರಡೆಗಳನ್ನು ಹಾಕಿಬಿಟ್ಟರೆ ಟ್ರೀಯ ಗೊಡವೆಯೇ ಸಾಮಾನ್ಯವಾಗಿ ಇರುವುದಿಲ್ಲ. ಹುಡುಗನಿಗೆ ಇದನ್ನೂ ಹೇಳಿದ್ದೆ. "ಅದಿಲ್ಲದಿದ್ದರೆ ತಲೆ ಬೋಳಾಗಿ ಕಾಣುತ್ತದೆ, ಕಾಕಾ" ಎಂದ. ಬಡ್ಡಿಯೇ ಆಭರಣವಾದ ಮೇಲೆ ವಾದ ಮಾಡಿ ಪ್ರಯೋಜನವೇನು?

1970ರ ದಶಕದಲ್ಲಿ ಫೆಂಡರ್ ಗಿಟಾರುಗಳಿಗೆ ಮೂರು, ನಾಲ್ಕನೆಯ ತಂತಿಗಳಿಗೆಂದು ಎರಡನೆಯ ಟ್ರೀಯೂ ಬಂತು. ಹುಡುಗನಿಗೆ ಅದೂ ಬೇಕಂತೆ. ಆ ಬಿರಡೆಗಳು ಅಷ್ಟು ದೂರವಿಲ್ಲ; ತಂತಿಯನ್ನು ಕಂಬಕ್ಕೆ ಕೆಳಮುಖವಾಗಿ ಇನ್ನೆರಡು ಸುತ್ತು ಸುತ್ತು, ಸಾಕು ಎಂದು ಡ್ರಿಲ್ಲನ್ನು ಬಡಗಿಗೆ ಹಿಂದಿರುಗಿಸಿದೆ.