ಸತ್ಯಾಂಶ: ತಲೆಬುರುಡೆ ಪತಂಗ ಕುಟುಕುವುದಿಲ್ಲ

ಬೆನ್ನ ಮೇಲೆ ತಲೆಬುರುಡೆ ಗುರುತಿರುವ ಪತಂಗ ಕುಟುಕಿದರೆ ಸಾವು ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಇದು ತಪ್ಪು. ಆಫ್ರಿಕಾದಿಂದ ಯುರೋಪಿಗೆ ವಲಸೆ ಬರುವ ಈ ಪತಂಗಕ್ಕೆ (ವೈಜ್ಞಾನಿಕ ಹೆಸರು ಅಕೆರಾಂಷಿಯಾ ಆಟ್ರೊಪಾಸ್) ಕೊಂಡಿಯೇ ಇಲ್ಲ. ರೆಕ್ಕೆಯ ಹರವು 9ರಿಂದ 13 ಸೆಂ.ಮೀ., ಹಿಂದಿನ ರೆಕ್ಕೆ ಹಳದಿ. ಆಲೂಗೆಡ್ಡೆ ಎಲೆ ತಿಂದು ಸುಮಾರು 12 ಸೆಂ.ಮೀ. ಬೆಳೆಯುವ ಮರಿಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಹುಳುವಿನ ಬಾಲದ ಕೊಂಬು ಕೊಂಡಿಯಂತೆ ಕಂಡರೂ ಚುಚ್ಚುವುದಿಲ್ಲ. ಭಯ ಸಹಜವೇ, ಏಕೆಂದರೆ ಹಿಡಿದರೆ ಪತಂಗ ಕೀಚುಗುಟ್ಟುತ್ತದೆ. ಜೇನುಗೂಡಿಗೆ ನುಗ್ಗಿ ಜೇನು ಹೀರುವ ಗಿಡ್ಡ ಸೊಂಡಿಲಿನಲ್ಲಿ ಗಾಳಿ ಎಳೆದು ಬಿಟ್ಟಾಗ ಹುಟ್ಟುವ ಸದ್ದದು.

ಇಂಥ ಸಂದೇಶ ಬಂದರೆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಕೀಟದ ವೈಜ್ಞಾನಿಕ ಹೆಸರು ಹುಡುಕಿ. ಆ ಹೆಸರಿನಡಿ ಕೀಟಶಾಸ್ತ್ರದ ಪುಟಗಳಲ್ಲಿ ವಿಷದ ಮಾತಿದೆಯೇ ನೋಡಿ. ಸಾವು ನಡೆದ ಊರು, ದಿನಾಂಕ ಸಂದೇಶದಲ್ಲಿ ಇಲ್ಲದಿದ್ದರೆ ಅನುಮಾನಿಸಿ. ಈ ಪತಂಗದ ಹತ್ತಿರದ ಬಂಧುಗಳು ಕರ್ನಾಟಕದಲ್ಲೂ ಇವೆ. ಮನೆಯೊಳಗೆ ಬಂದರೆ ದೀಪ ಆರಿಸಿ, ಕಿಟಕಿ ತೆರೆದಿಡಿ.